ಇವನ ಮನೆಯಲ್ಲಿ ಯಾರಿದ್ದಾರೆ?

ಕಳೆದ ಸಲ ಹೋಳಿ ಮುಗಿದ ಮೇಲೆ ಶರಣಬಸವೇಶ್ವರರ ತೇರಿಗೆಂದು ಕಲಬುರಗಿಗೆ ಹೋಗಿದ್ದೆ. ತೇರು ಎಳೆದ ಮರುದಿನ ಅಕ್ಕನ ಮಗ ಮನೆಮಂದಿಗೆಲ್ಲ ಸಿನಿಮಾ ಟಿಕೆಟ್ ತಂದ. ಐದು ಭಾಷೆಗಳಲ್ಲಿ ಒಟ್ಟಿಗೆ ಬಿಡುಗಡೆಯಾದ, ಕೋಟಿಗಟ್ಟಲೆ ಸುರಿದು ಮಾಡಿದ ಹೊಡೆದಾಟದ ಚಿತ್ರ. ಅವ್ವ ಚಿತ್ರಮಂದಿರದ ಮೆಟ್ಟಿಲು ಹತ್ತಿ ಹತ್ತು ವರ್ಷವಾದರೂ ಆಗಿತ್ತು. ನಾಯಕ ಬರುವ ಮೊದಲು ಇಪ್ಪತ್ತು ನಿಮಿಷ ಉಳಿದವರೆಲ್ಲ ಅವನ ಗುಣಗಾನ ಮಾಡಿದರು. ಆಮೇಲೆ ಅವನ ಬೂಟು ಕಂಡಿತು, ಬೆನ್ನು ಕಂಡಿತು, ಹೊಗೆ ಕಂಡಿತು, ಕೊನೆಗೆ ಮುಖ ಕಂಡಿತು. ಶಿಳ್ಳೆ ಮುಗಿಲು ಮುಟ್ಟಿತು. ಆ ಗದ್ದಲದ ನಡುವೆ ಅವ್ವ ನನ್ನತ್ತ ಬಾಗಿ ಕೇಳಿದಳು: “ಇವನ ಮನೆಯಲ್ಲಿ ಯಾರಿದ್ದಾರೆ?”

ನನ್ನ ಬಳಿ ಉತ್ತರವಿರಲಿಲ್ಲ. ಮೂರು ತಾಸಿನ ಚಿತ್ರ ಮುಗಿದ ಮೇಲೂ ಇರಲಿಲ್ಲ. ಆಟೊದಲ್ಲಿ ಮನೆಗೆ ಬರುವಾಗ ಹುಡುಗನನ್ನು ಕತೆ ಏನೆಂದು ಕೇಳಿದೆ. ಹೊಡೆದಾಟಗಳನ್ನು ಸಾಲಾಗಿ ಹೇಳಿದ: ಬಂದರಿನದು, ಜೈಲಿನದು, ಮದುವೆ ಮಂಟಪದ್ದು. ಯಾಕೆ ಹೊಡೆದ ಎಂದು ಕೇಳಿದರೆ ಸುಮ್ಮನಾದ. ನನ್ನ ಮನಸ್ಸಿಗೆ ಏನೋ ಚುಚ್ಚಿದಂತಾಯಿತು.

ಅದಕ್ಕೆ ಕಾರಣವಿತ್ತು. ಒಂಬತ್ತು ವರ್ಷದಿಂದ ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಊರಿಗೆ ಬರುವ ಮೂರು ತಿಂಗಳ ಮುಂಚೆ, ಕ್ರಿಸ್‌ಮಸ್‌ಗೆ ಪಕ್ಕದ ಮನೆಯವರು ಊಟಕ್ಕೆ ಕರೆದಿದ್ದರು. ಊಟವಾದ ಮೇಲೆ ಮನೆಯವರೆಲ್ಲ ಕೂತು ‘ಡೈ ಹಾರ್ಡ್’ ಹಾಕಿದರು. 1988ರ ಅಮೆರಿಕದ ಚಿತ್ರ. ಕತೆ ಕ್ರಿಸ್‌ಮಸ್ ಹಿಂದಿನ ರಾತ್ರಿ ನಡೆಯುವುದರಿಂದ ಹಬ್ಬಕ್ಕೊಮ್ಮೆ ಅದನ್ನು ನೋಡುವುದು ಅಲ್ಲಿ ಎಷ್ಟೋ ಮನೆಗಳ ರೂಢಿ. ಗುಂಡಿನ ಸದ್ದಿನ ಚಿತ್ರವನ್ನು ಹಬ್ಬದ ದಿನ ಏಕೆ ನೋಡುತ್ತಾರೋ ಎಂದುಕೊಂಡೇ ಕೂತೆ. ಎದ್ದಾಗ ಬೇರೆ ಮನುಷ್ಯನಾಗಿದ್ದೆ.

ಜಾನ್ ಮೆಕ್ಲೇನ್ ನ್ಯೂಯಾರ್ಕಿನ ಪೊಲೀಸ್. ಹೆಂಡತಿ ಒಳ್ಳೆಯ ಕೆಲಸ ಸಿಕ್ಕಿತೆಂದು ಮಕ್ಕಳನ್ನು ಕರೆದುಕೊಂಡು ಲಾಸ್ ಏಂಜಲೀಸಿಗೆ ಹೋಗಿದ್ದಾಳೆ. ಹಬ್ಬಕ್ಕೆ ಇವನು ಅಲ್ಲಿಗೆ ಬರುತ್ತಾನೆ. ಅವಳ ಕಚೇರಿಯಲ್ಲಿ ನೋಡಿದರೆ ಅವಳು ತವರಿನ ಹೆಸರು ಇಟ್ಟುಕೊಂಡಿದ್ದಾಳೆ. ಬಂದ ಗಳಿಗೆಯಲ್ಲೇ ಜಗಳ. ವಿಮಾನದಲ್ಲಿ ಸಹಪ್ರಯಾಣಿಕನೊಬ್ಬ ಇವನಿಗೆ, ಪ್ರಯಾಣದ ದಣಿವಿಗೆ ಬೂಟು ಕಾಲುಚೀಲ ಕಳಚಿ ನೆಲಹಾಸಿನ ಮೇಲೆ ಬೆರಳು ಮಡಚಿ ಓಡಾಡು ಎಂದು ಹೇಳಿರುತ್ತಾನೆ. ಜಗಳವಾಡಿ ಒಬ್ಬನೇ ಉಳಿದವನು ಅದನ್ನೇ ಮಾಡುತ್ತಿರುವಾಗ ದರೋಡೆಕೋರರು ಕಟ್ಟಡಕ್ಕೆ ನುಗ್ಗುತ್ತಾರೆ. ಹಾಗಾಗಿ ಇವನು ಬರಿಗಾಲಲ್ಲಿ ಓಡಬೇಕು. ಗುಂಪಿನ ನಾಯಕ ಆ ಬರಿಗಾಲನ್ನು ಗಮನಿಸಿ ಸುತ್ತಲಿನ ಗಾಜಿಗೆ ಗುಂಡು ಹೊಡೆಸುತ್ತಾನೆ. ಇವನು ಚೂರುಗಳನ್ನು ತುಳಿದೇ ದಾಟುತ್ತಾನೆ. ಆಮೇಲೆ ಬಚ್ಚಲಿನಲ್ಲಿ ಕೂತು ಪಾದದಿಂದ ಒಂದೊಂದೇ ಚೂರು ಕೀಳುತ್ತ, ಹೊರಗಿರುವ, ಇನ್ನೂ ಮುಖವನ್ನೇ ನೋಡದ ಒಬ್ಬ ಪೊಲೀಸನಿಗೆ ವೈರ್‌ಲೆಸ್‌ನಲ್ಲಿ ಹೇಳುತ್ತಾನೆ: ನಾನು ಉಳಿಯದಿದ್ದರೆ ನನ್ನ ಹೆಂಡತಿಗೆ ತಿಳಿಸು, ತಪ್ಪು ನನ್ನದೇ ಇತ್ತು.

ಆ ಮನೆಯ ಅಜ್ಜನಿಗೆ ಎಂಬತ್ತು ದಾಟಿದೆ. ಚಿತ್ರವನ್ನು ಎಷ್ಟು ಸಲ ನೋಡಿದ್ದಾನೋ ಅವನಿಗೇ ಲೆಕ್ಕವಿಲ್ಲ. ಆದರೂ ಗಾಜಿನ ದೃಶ್ಯ ಬಂದಾಗ ಎರಡೂ ಪಾದಗಳನ್ನು ಮೆಲ್ಲನೆ ಕುರ್ಚಿಯ ಕೆಳಗೆ ಎಳೆದುಕೊಂಡ. ನಾನೂ ಎಳೆದುಕೊಂಡಿದ್ದೆ. ಜೇವರ್ಗಿ ಕಡೆಯ ನಮ್ಮ ಹೊಲದಲ್ಲಿ ಬಿಳಿಜೋಳ ಕೊಯ್ದ ಮೇಲೆ ಚಪ್ಪಲಿಯಿಲ್ಲದೆ ಬುತ್ತಿ ಹೊತ್ತು ನಡೆದವನು ನಾನು. ಒಣಗಿದ ಕೂಳೆಯ ತುದಿ ಅಂಗಾಲಿಗೆ ಹೊಕ್ಕರೆ ಏನಾಗುತ್ತದೆಂದು ಗೊತ್ತಿದೆ. ಎರೆ ಮಣ್ಣಿನ ಬಿರುಕಿನಲ್ಲಿ ಕಾಲಿಟ್ಟು, ಎಡಗಾಲ ಹಿಮ್ಮಡಿ ಮೇಲೆತ್ತಿಕೊಂಡು ಕುಂಟಿದ ದಿನಗಳು ಆ ಪರದೆಯ ಮೇಲೆ ಕಂಡವು. ಲಾಸ್ ಏಂಜಲೀಸಿನ ಗಾಜು ಅವತ್ತು ನನ್ನ ಕಾಲಿಗೆ ಚುಚ್ಚಿತು.

ಕೊನೆಯಲ್ಲಿ ಅವನು ಆ ಪೊಲೀಸನಿಗೆ ಹೆಂಡತಿಯನ್ನು ಪರಿಚಯಿಸುವಾಗ ಅವಳ ತವರಿನ ಹೆಸರನ್ನೇ ಹೇಳುತ್ತಾನೆ. ಅವಳು ತಿದ್ದಿ ಗಂಡನ ಹೆಸರು ಹೇಳುತ್ತಾಳೆ. ಸೋತವನು ಅವನೊಬ್ಬನೇ ಆಗಿದ್ದರೆ ಆ ಮಾತು ಇಷ್ಟು ನಾಟುತ್ತಿರಲಿಲ್ಲ. ಒಂದೇ ಮಾತಿನಲ್ಲಿ ಇಬ್ಬರೂ ಒಂದೊಂದು ಹೆಜ್ಜೆ ಇಡುತ್ತಾರೆ. ನಮ್ಮ ಚಿತ್ರದ ನಾಯಕನಿಗೆ ಇಡಲು ಹೆಜ್ಜೆಯೇ ಉಳಿದಿರಲಿಲ್ಲ, ಬೂಟು ಕಂಡ ಗಳಿಗೆಯಲ್ಲೇ ಅವನು ದೇವರಾಗಿಬಿಟ್ಟಿದ್ದ. ನೂರು ಜನ ಬಿದ್ದರೂ ಅವನ ಅಂಗಿಯ ಇಸ್ತ್ರಿ ಕೆಡಲಿಲ್ಲ.

ನನ್ನ ಸಿಟ್ಟು ಇರುವುದು ಇಲ್ಲಿಯೇ. ಇದು ನಮಗೆ ಗೊತ್ತಿಲ್ಲದ ವಿದ್ಯೆಯೇ? ನಮ್ಮೂರ ದೊಡ್ಡಾಟದಲ್ಲಿ ಎಂಥ ವೀರ ಬರಲಿ, ಸಾರಥಿ ಅವನನ್ನು ತಡೆದು ನಿಲ್ಲಿಸುತ್ತಿದ್ದ. ನೀವು ಯಾರು, ಯಾವ ದೇಶದವರು, ಇಲ್ಲಿಗೆ ಬಂದ ಕಾರಣವೇನು? ಕಿರೀಟ, ಭುಜಕೀರ್ತಿ, ಹಲಗೆ ಮುರಿಯುವಂಥ ಕುಣಿತ ಎಲ್ಲ ಇದ್ದರೂ ಉತ್ತರ ಕೊಡದೆ ಮುಂದೆ ಹೋಗುವಂತಿರಲಿಲ್ಲ. ಹಗಲು ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುವವನು ರಾತ್ರಿ ಕೌರವನಾಗಿ ನಿಂತು ತನ್ನ ಹುಟ್ಟು, ಹಟ, ಹೊಟ್ಟೆಕಿಚ್ಚು ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಿದ್ದ. ಅಭಿಮನ್ಯು ಸಾಯುತ್ತಾನೆಂದು ಗೋಣಿತಟ್ಟಿನ ಮೇಲೆ ಕೂತ ಮಗುವಿಗೂ ಗೊತ್ತು. ಆದರೂ ಬೆಳಗಿನ ಜಾವ ಅವನು ಉತ್ತರೆಯನ್ನು ಬಿಟ್ಟು ಹೊರಡುವಾಗ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಕೊನೆ ಗೊತ್ತಿದ್ದರೆ ಕತೆ ಕೆಡುತ್ತದೆ ಎಂಬ ಮಾತನ್ನು ಅಂದಿನಿಂದ ನಾನು ನಂಬಿಲ್ಲ. ನಾಯಕ ಗೆಲ್ಲುತ್ತಾನೆಂದು ಗೊತ್ತಿರಲಿ, ಗೆಲ್ಲಲು ಅವನು ಏನು ಕಳೆದುಕೊಂಡ ಎಂಬುದು ಗೊತ್ತಾಗಬೇಕು. ಅವ್ವ ಕೇಳಿದ್ದು ಸಾರಥಿಯ ಪ್ರಶ್ನೆಯನ್ನೇ.

ಐದು ಭಾಷೆಗೆ ಚಿತ್ರ ಮಾಡಲು ಹೊರಟಾಗ ಮೊದಲು ಕತ್ತರಿ ಬೀಳುವುದು ಇಂಥ ಮಾತುಗಳಿಗೇ ಎಂದು ನನಗೆ ಅನಿಸುತ್ತದೆ. ತಾಯಿ ಮಗನಿಗೆ ರೊಟ್ಟಿ ಬಡಿಸುತ್ತ ಆಡುವ ಮಾತಿಗೆ ಒಂದು ಊರಿನ ಉಸಿರು ಬೇಕು. ಗುದ್ದಿಗೆ ಅನುವಾದ ಬೇಕಿಲ್ಲ. ಆಗ ನಾಯಕನಿಗೆ ಊರಿಲ್ಲ, ಅಡುಗೆಮನೆಯಿಲ್ಲ, ಕಾಯುವವರಿಲ್ಲ. ನಮ್ಮ ಕಲಬುರಗಿ ಮಾತಂತೂ ಎಷ್ಟೋ ಚಿತ್ರಗಳಲ್ಲಿ ಖಳನ ಬಂಟನಿಗೋ ನಗಿಸುವವನಿಗೋ ಮೀಸಲು. ಆ ನೋವು ಬೇರೆ.

ಒಪ್ಪಬೇಕಾದದ್ದನ್ನೂ ಒಪ್ಪುತ್ತೇನೆ. 2018ರ ‘ಕೆಜಿಎಫ್’ನಲ್ಲಿ ನಾಯಕನ ಕತೆಯನ್ನು ಹೇಳುವವನು ಇನ್ನೊಬ್ಬ, ಪತ್ರಕರ್ತ ಆನಂದ್ ಇಂಗಳಗಿ. (ಇಂಗಳಗಿ ನಮ್ಮ ಸೀಮೆಯ ಊರಿನ ಹೆಸರು. ಅದನ್ನು ಕೇಳಿದಾಗ ಪರದೇಶದಲ್ಲಿ ಕೂತವನಿಗೆ ಆಗುವ ಸಂತೋಷ ಊರಲ್ಲಿರುವವರಿಗೆ ತಿಳಿಯದು.) ಅಲ್ಲಿಯೂ ಗುಣಗಾನಕ್ಕೆ ಕೊರತೆಯಿಲ್ಲ. ಆದರೆ ಬಡತನದಲ್ಲಿ ಸಾಯುವ ತಾಯಿ ಮಗನಿಂದ ಪಡೆದ ಭಾಷೆ ಪ್ರತಿ ಹೊಡೆತದ ಹಿಂದೆ ಇದೆ. ಅವ್ವನ ಪ್ರಶ್ನೆಗೆ ಅಲ್ಲಿ ಉತ್ತರವಿದೆ. 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ನಲ್ಲಿ ಮಾತೇ ಕಡಿಮೆ, ಬಹುಪಾಲು ಮರುಭೂಮಿಯಲ್ಲಿ ಲಾರಿಗಳ ಓಟ. ಆದರೆ ನಾಯಕಿ ಫ್ಯೂರಿಯೋಸಾ ಓಡುತ್ತಿರುವುದು ಚಿಕ್ಕಂದಿನಲ್ಲಿ ಕಳೆದುಕೊಂಡ ಹಸಿರು ಊರಿಗೆ. ಆ ಊರು ಈಗಿಲ್ಲ ಎಂದು ತಿಳಿದಾಗ ಅವಳು ಮರಳಿನಲ್ಲಿ ಮೊಣಕಾಲೂರಿ ಕೂಗುತ್ತಾಳೆ. ಊರು ಬಿಟ್ಟವರಿಗೆ ಆ ಕೂಗಿಗೆ ಅರ್ಥ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಸ್ಟುಟ್‌ಗಾರ್ಟ್‌ನಲ್ಲಿ ಚಿತ್ರಮಂದಿರವೆಂದರೆ ಮೌನ. ಒಂಬತ್ತು ವರ್ಷದಲ್ಲಿ ಅಲ್ಲಿ ಒಂದು ಶಿಳ್ಳೆ ಕೇಳಿಲ್ಲ. ಅವತ್ತು ಕಲಬುರಗಿಯಲ್ಲಿ ಅಕ್ಕನ ಮಗ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದಾಗ ನನ್ನ ಗಂಟಲೂ ಬಿಚ್ಚಿತ್ತೆಂಬುದನ್ನು ಇಲ್ಲಿಯವರೆಗೆ ಬರೆಯದೆ ಉಳಿಸಿಕೊಂಡಿದ್ದೆ. ಅವನು ತೊಗರಿ ಬೇಳೆಯ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ಸುಗ್ಗಿಯಲ್ಲಿ ರಾತ್ರಿ ಹತ್ತಕ್ಕೂ ಮನೆ ಸೇರುವುದಿಲ್ಲ. ಮರುದಿನ ಚಹಾ ಕುಡಿಯುತ್ತ ಅವನು ತಾನಾಗಿಯೇ ಹೇಳಿದ: “ಮಾಮಾ, ದಿನವೆಲ್ಲ ಬಂದವರೆಲ್ಲ ನನಗೆ ಬೈಯುತ್ತಾರೆ. ಆ ಮೂರು ತಾಸು ಯಾರಿಗೂ ಬೈಸಿಕೊಳ್ಳದ ಒಬ್ಬನನ್ನು ನೋಡುತ್ತೇನೆ.” ನಾನು ಏನೂ ಹೇಳಲಿಲ್ಲ.

ಹೊರಡುವ ಹಿಂದಿನ ರಾತ್ರಿ ಕರೆಂಟು ಹೋಗಿತ್ತು. ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಅವ್ವನಿಗೆ ಆ ಬರಿಗಾಲಿನವನ ಕತೆ ಹೇಳಿದೆ. ಗಾಜಿನ ಮೇಲೆ ನಡೆದ ಎಂದಾಗ “ಅಯ್ಯೋ ಶಿವನೇ” ಎಂದಳು. ಕಾಲಿಗೆ ಅರಿಶಿನ ಹಚ್ಚುವವರು ಯಾರೂ ಇರಲಿಲ್ಲವೇ ಎಂದು ಕೇಳಿದಳು. ಅಕ್ಕನ ಮಗ ಪಕ್ಕದಲ್ಲೇ ಮಲಗಿದ್ದ. ನಿದ್ದೆ ಹೋಗಿದ್ದಾನೆಂದುಕೊಂಡಿದ್ದೆ, “ಆಮೇಲೆ?” ಎಂದ.

ಯುಗಾದಿಯ ದಿನ ಫೋನ್ ಮಾಡಿದಾಗ ಬೇವು ಬೆಲ್ಲ, ಬಿಸಿಲು, ನೀರಿನ ಮಾತೆಲ್ಲ ಮುಗಿದ ಮೇಲೆ ಅವ್ವ ಕೇಳಿದಳು: “ಆ ಪೊಲೀಸನ ಹೆಂಡತಿ ಆಮೇಲೆ ಅವನ ಜೊತೆಗೇ ಬಾಳಿದಳೇ?”

ಮುಂದಿನ ಭಾಗಗಳಲ್ಲಿ ಅವರಿಬ್ಬರೂ ಬೇರೆಯಾಗುತ್ತಾರೆ. ಬಾಳಿದಳು ಎಂದು ಹೇಳಿದೆ.