ನಾಲ್ಕು ಎಲೆ ಬಂತು ಅಂತ ನಾಲ್ಕನ್ನೂ ನಂಬಬೇಡಿ

ನಮ್ಮ ಗಂಗಾವತಿ ಕಡೆ ಹುಡುಗರಿಗೆ ಇಸ್ಪೀಟು ಹೊಸದಲ್ಲ. ಆದರೆ ಕೈಗೆ ನಾಲ್ಕು ಎಲೆ, ಟೇಬಲ್ ಮೇಲೆ ಎಲ್ಲರಿಗೂ ಸೇರಿ ಐದು ಎಲೆ ಬೀಳೋ ಒಮಾಹಾ ಪೋಕರ್ ಮೊಬೈಲಲ್ಲೇ ಬಂದಿದ್ದು. ಅದರ ಜೊತೆಗೇ ಒಂದು ತಪ್ಪು ನಂಬಿಕೆಯೂ ಬಂತು: ಯಾವ ಎಲೆ ಬಂದರೂ ಬಿಡಬಾರದು, ಜೋರಾಗಿ ದುಡ್ಡು ಹಾಕ್ತಾ ಹೋದರೆ ಎದುರಿನವನು ಹೆದರ್ತಾನೆ ಅಂತ. ಇದು ಧೈರ್ಯ ಅಲ್ಲವೇ ಅಲ್ಲ ಅಂತ ಹೇಳೋಕೇ ಇವತ್ತು ಬರೀತಿದ್ದೀನಿ.

ಎರಡು ವರ್ಷದ ಹಿಂದೆ ನನ್ನ ಚಿಕ್ಕಪ್ಪನ ಮಗ ಪಕ್ಕದಲ್ಲೇ ಕೂತು ಆಡ್ತಿದ್ದ. ಅವನ ಕೈಯಲ್ಲಿ ಇಸ್ಪೀಟು ಎಕ್ಕ, ಉಳಿದ ಮೂರೂ ಬೇರೆ ಜಾತಿ. ಟೇಬಲ್ ಮೇಲೆ ನಾಲ್ಕು ಇಸ್ಪೀಟು ಬಿದ್ದವು. ಇದ್ದದ್ದೆಲ್ಲಾ ಒಂದೇ ಸಲ ಹಾಕಿದ. 4,200 ರೂಪಾಯಿ ಹೋಯ್ತು. "ಅಣ್ಣಾ, ಎಕ್ಕ ನನ್ನ ಹತ್ರಾನೇ ಐತಲ್ಲ, ಫ್ಲಶ್ ಯಾಕ ಕೊಡ್ಲಿಲ್ಲ?" ಅಂದ. ಫ್ಲಶ್ ಅಂದ್ರೆ ಐದೂ ಎಲೆ ಒಂದೇ ಜಾತಿ. ಒಮಾಹಾದಲ್ಲಿ ಆ ಐದಕ್ಕೆ ಕೈಯಿಂದ ಎರಡೇ ಎಲೆ, ಟೇಬಲ್‌ನಿಂದ ಮೂರೇ ಎಲೆ. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಕೈಯಲ್ಲಿ ಒಂದೇ ಇಸ್ಪೀಟು ಇದ್ದರೆ ಫ್ಲಶ್ ಆಗಲ್ಲ.

ನಾಲ್ಕು ಎಲೆಯಲ್ಲಿ ಆರು ಜೋಡಿ ಆಗುತ್ತವೆ. ಅದಕ್ಕೇ ಎಲ್ಲಾ ಕೈಯೂ ಚೆನ್ನಾಗಿ ಕಾಣೋದು. ಅದರಲ್ಲಿ ಒಂದು ಎಲೆ ದಂಡ ಅಂದ್ರೆ ಮೂರು ಜೋಡಿ ಸತ್ತ ಹಾಗೆ. ನಿಮ್ಮ ಕೈ ಚೆನ್ನಾಗಿ ಕಾಣುವಾಗ ಎದುರಿನವನದೂ ಹಾಗೇ ಇರುತ್ತೆ ಅಲ್ವಾ?

ಜೋರಾಗಿ ಆಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಗುಲಾಮ, 10, 7, 6 ಹಿಡಿದಿದ್ದೀರಿ, ಟೇಬಲ್ ಮೇಲೆ 9, 8, 2 ಬಿತ್ತು ಅಂದುಕೊಳ್ಳಿ. ರಾಣಿ, ಗುಲಾಮ, 10, 7, 6, 5 ಯಾವುದು ಬಂದರೂ ಸೀಕ್ವೆನ್ಸ್, ಅಂದ್ರೆ ಸಾಲಾಗಿ ಐದು ಎಲೆ. ಎಣಿಸಿ ನೋಡಿ, ನಿಮಗೆ ಕಾಣದ 45 ಎಲೆಯಲ್ಲಿ 20 ನಿಮ್ಮವೇ. ಇನ್ನೂ ಎರಡು ಎಲೆ ಬರೋದಿದೆ. ಎದುರಿಗೆ ಬರೀ ಎಕ್ಕದ ಜೋಡಿ ಇದ್ದರೆ ಮುಂದಿರೋದು ನೀವೇ. ಅಲ್ಲಿ ನುಗ್ಗಬೇಕು, ಹಿಂಜರಿಯಬಾರದು. ಆದರೆ ಆ ಬಲ ಬಂದಿದ್ದು ಒಂದಕ್ಕೊಂದು ಹೊಂದುವ ಎಲೆಗಳಿಂದ, ಆ್ಯಪಿನ ಪಾಟ್ ಬಟನ್ ಒತ್ತಿದ್ದರಿಂದಲ್ಲ.

ಪಾಟ್ ಅಂದ್ರೆ ನಡುವೆ ಸೇರಿದ ದುಡ್ಡು. ಆ ಬಟನ್ ಒತ್ತಿದರೆ ಅದು ಎಷ್ಟು ಬೇಗ ಬೆಳೆಯುತ್ತೆ ನೋಡಿ. ಪಾಟ್‌ನಲ್ಲಿ 300 ಇದೆ, ಎದುರಿನವನು 300 ಹಾಕಿದ. ನೀವು ಒತ್ತಿದರೆ ಅವನ 300ಕ್ಕೆ 300, ಆಗ ಪಾಟಲ್ಲಿ ಆಗೋ 900ರಷ್ಟೇ ಮತ್ತೆ ಮೇಲೆ, ಒಟ್ಟು 1,200 ಹೋಗುತ್ತೆ. ಅವನೂ ಅಷ್ಟಕ್ಕೆ ಸರಿಗಟ್ಟಿದರೆ ಪಾಟ್ 2,700. ಒಂದೇ ಸುತ್ತಲ್ಲಿ ಒಂಬತ್ತು ಪಟ್ಟು! ಸುಮ್ನೆ ನೋಡೋಣ ಅಂತ ಕೆಟ್ಟ ಎಲೆ ಹಿಡಿದು ಒಳಗೆ ಹೋದವನಿಗೆ ವಾಪಸ್ ಬರೋ ದಾರಿ ಅಲ್ಲೇ ಮುಚ್ಚಿತು.

2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ಆನ್‌ಲೈನಲ್ಲಿ ದುಡ್ಡಿಟ್ಟು ಆಡಿಸೋದು ನಿಷೇಧ ಆಯ್ತು. ನನಗೆ ಸಮಾಧಾನವೇ ಆಯ್ತು. ಯಾರೋ ಟೆಲಿಗ್ರಾಂನಲ್ಲಿ ಕಳಿಸೋ ಲಿಂಕ್ ಒತ್ತಿ ಗೊತ್ತಿಲ್ಲದ ಆ್ಯಪ್‌ಗೆ ದುಡ್ಡು ಹಾಕೋ ಹುಡುಗರೇ, ದಯವಿಟ್ಟು ಬೇಡ. ಅಲ್ಲಿ ನಿಮ್ಮ ದುಡ್ಡು ಹೋದರೆ ಕೇಳೋಕೆ ಯಾರೂ ಇರಲ್ಲ.

ನಾವೀಗ ಮನೆಯಲ್ಲೇ ಹುಣಸೆ ಬೀಜ ಇಟ್ಟು ಆಡ್ತೀವಿ. ಮೊನ್ನೆ ಭಾನುವಾರ ತಮ್ಮನಿಗೆ ಎಕ್ಕ, 9, 6, 2 ಬಂತು. ನಾಲ್ಕೂ ಬೇರೆ ಬೇರೆ ಜಾತಿ. ಸ್ವಲ್ಪ ಹೊತ್ತು ನೋಡಿ, ಎಲೆ ಕೆಳಗಿಟ್ಟು "ಪ್ಯಾಕ್ ಅಣ್ಣಾ" ಅಂದ.