ಕೋಡಿಗೆ ಮೂಡಿದ ಕೋಡು

ಆ ಫೋಟೋ ನೀವೂ ನೋಡಿರ್ತೀರಿ, ನಮ್ಮ ಯಾದಗಿರಿಯ ಎಲ್ಲ ವಾಟ್ಸಾಪ್ ಗ್ರೂಪಲ್ಲೂ ಓಡಾಡಿತು. ಗೋಡೆಗೆ ದೊಡ್ಡ ಟಿವಿ, ಟಿವಿಗೆ ರಿಬ್ಬನ್, ರಿಬ್ಬನ್ ಮುಂದೆ ಹನ್ನೊಂದು ಜನ ಹಿರಿಯರು, ಅವರ ನಡುವೆ ಇಣುಕುವ ಒಬ್ಬ ಹುಡುಗನ ಅರ್ಧ ತಲೆ. ಸ್ಮಾರ್ಟ್ ಕ್ಲಾಸ್ ಉದ್ಘಾಟನೆ. ಅರ್ಧ ತಲೆಯಾದರೂ ಬಂತಲ್ಲ, ಖುಷಿ.

ಶಹಾಪುರ ಕಡೆ ಹೋದಾಗ ಆ ಶಾಲೆಗೂ ಹೋಗಿದ್ದೆ. ಟಿವಿ ಇದೆ, ಸುಳ್ಳಲ್ಲ. ಮೇಲೆ ಕಸೂತಿ ಬಟ್ಟೆ ಹೊದಿಸಿದ್ದಾರೆ. ಬಟ್ಟೆ ಎತ್ತಿದರೆ ಗಾಜಿನ ಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಮೂಲೆಯಲ್ಲಿ ಒಣಗಿದ ಚೆಂಡು ಹೂ. ದಸರಾ ಪೂಜೆಯದು. ರಿಮೋಟ್? ಅಲ್ಮಾರಿಯಲ್ಲಿ. ಕೀಲಿ? ಹೆಡ್‌ಮಾಸ್ತರ ಹತ್ತಿರ. ಅವರು? ಮೀಟಿಂಗಿಗೆ ಹೋಗಿದ್ದಾರೆ. ಯಾವ ಮೀಟಿಂಗು? ಸ್ಮಾರ್ಟ್ ಕ್ಲಾಸ್ ಬಳಸುವುದು ಹೇಗೆ ಅಂತ.

"ಒಮ್ಮೆ ಹಚ್ಚಿದ್ರು ರೀ," ಅಂದಳು ಮೂರನೇ ಕ್ಲಾಸಿನ ಹುಡುಗಿ. "ಆನಿ ಸೊಂಡಿ ಬಂತು. ಅಷ್ಟರಾಗ ಲೈಟ್ ಹೋತು."

ಅವಳ ಪುಸ್ತಕ ತೆಗೆದು ನೋಡಿದೆ. 2017ರಲ್ಲಿ ಶುರುವಾದ ದೀಕ್ಷಾ ಅನ್ನೋ ಸರ್ಕಾರಿ ಆನ್‌ಲೈನ್ ಪಾಠದ ತಾಣಕ್ಕೆ ದಾರಿ ತೋರಿಸುವ ಕ್ಯೂಆರ್ ಕೋಡ್ ಪಾಠದ ಪಕ್ಕದಲ್ಲೇ ಇತ್ತು. ಫೋನ್ ಹಿಡಿದರೆ ವಿಡಿಯೊ ಬರಬೇಕು. ಹಿಡಿಯಲು ಫೋನ್ ಎಲ್ಲಿದೆ? ಇವಳು ಸುಮ್ನೆ ಕೂರದೆ ಆ ಕಪ್ಪು ಚೌಕಕ್ಕೆ ನಾಲ್ಕು ಕಾಲು, ಒಂದು ಬಾಲ, ಮೇಲೆ ಎರಡು ಕೋಡು ಬರೆದು ಎಮ್ಮೆ ಮಾಡಿದ್ದಳು. ಕೋಡಿಗೆ ಕೋಡು ಮೂಡಿಸಿದವಳು ಇವಳೊಬ್ಬಳೇ.

ಶಹಾಪುರದ ಬೆಟ್ಟದಲ್ಲಿ ಬುದ್ಧ ಮಲಗಿದ್ದಾನೆ ಅಂತ ಬಸ್ಸಲ್ಲಿ ಹೋಗುವವರೆಲ್ಲ ತೋರಿಸುತ್ತಾರೆ. ಆ ಊರಿನ ನೆಟ್‌ವರ್ಕೂ ಅವನ ಪಕ್ಕದಲ್ಲೇ ಮಲಗಿದೆ, ಅದನ್ನು ಯಾರೂ ತೋರಿಸಲ್ಲ.

2020 ನೆನಪಿದೆ ಅಲ್ವಾ? ಜೂನ್‌ನಲ್ಲಿ ಐದನೇ ಕ್ಲಾಸ್‌ವರೆಗೆ ಆನ್‌ಲೈನ್ ಪಾಠ ಬೇಡ ಅಂತ ಸರ್ಕಾರ ಹೇಳಿತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಮಾಸ್ತರರೇ ಊರೂರಿಗೆ ಹೋಗಿ ಗುಡಿ ಕಟ್ಟೆ, ಮರದ ನೆರಳಲ್ಲಿ ಪಾಠ ಮಾಡಿದರು, ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆ ವರ್ಷ ನಮ್ಮ ಕಡೆ ಒಮ್ಮೆಯೂ ಹ್ಯಾಂಗ್ ಆಗದೆ ನಡೆದಿದ್ದು ಬೇವಿನ ಮರ ಒಂದೇ. ಚಾರ್ಜೂ ಬೇಡ.

ಇನ್ನು ಮನೆಯ ಕಥೆ. ನಮ್ಮ ಓಣಿಯ ಹುಡುಗ, ಎರಡನೇ ಕ್ಲಾಸು. ಅಪ್ಪ ಗೌಂಡಿ ಕೆಲಸಕ್ಕೆ ಬೆಂಗಳೂರಲ್ಲಿ. ಹೋಂವರ್ಕೂ ಬೆಂಗಳೂರಿಗೇ ಹೋಗುತ್ತದೆ, ಯಾಕಂದ್ರೆ ವಾಟ್ಸಾಪ್ ಇರೋ ಫೋನ್ ಅಪ್ಪನದು. ಅವನು ಸಂಜೆ ಸಿಮೆಂಟ್ ಕೈ ತೊಳೆದು, ಅವ್ವನ ಕೀಪ್ಯಾಡ್ ಫೋನಿಗೆ ಹಚ್ಚಿ ಓದಿ ಹೇಳುತ್ತಾನೆ. ಚಿತ್ರ ಬಂದರೆ ಕಷ್ಟ. "ಒಂದು ದುಂಡಗ ಐತಿ, ಒಳಗ ಎರಡು ಕಡ್ಡಿ ಅದಾವ." ಹುಡುಗ ಮೊದಲು ರೊಟ್ಟಿ ಅಂದ. ಆಮೇಲೆ ಚಕ್ರ. ಗಡಿಯಾರ ಅಂತ ಗೊತ್ತಾಗುವಷ್ಟರಲ್ಲಿ ಅಪ್ಪನ ಬ್ಯಾಲೆನ್ಸ್ ಮುಗಿದಿತ್ತು. ಬರೆದ ಮೇಲೆ ನೋಟ್‌ಬುಕ್ ಹಿಡಿದು ನನ್ನ ಬಾಗಿಲಿಗೆ. "ಕಾಕಾ, ಒಂದು ಫೋಟೋ ಹೊಡಿರಿ, ಗ್ರೂಪಿಗೆ ಹಾಕ್ಬೇಕು."

ಹೋಂವರ್ಕ್ ಕಳಿಸುವ ಅದೇ ಶಾಲೆಯವರು ಪಾಲಕರನ್ನು ಕರೆದು ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ ಅಂತ ಒಂದು ತಾಸು ಬುದ್ಧಿ ಹೇಳಿದರು. ಕರೆದಿದ್ದು ವಾಟ್ಸಾಪಲ್ಲಿ. ಅವ್ವನಿಗೆ ಸುದ್ದಿಯೇ ಮುಟ್ಟಲಿಲ್ಲ.

ನಗು ಸಾಕಾಯ್ತು ನೋಡ್ರಿ. ಸರ್ಕಾರಿ ಶಾಲೆಯ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ಕ್ಲಾಸು ಒಟ್ಟಿಗೆ ಕೂರುತ್ತವೆ, ಸರಿ. ಆ ಟಿವಿ ಶಾಲೆಯಲ್ಲಿ ನಾಲ್ಕು, ಐದೂ ಅವರ ಜತೆಗೇ ಕೂತಿದ್ದವು. ಒಬ್ಬರೇ ಅಕ್ಕೋರು. ಅವರೂ ಪಾಠ ಬಿಟ್ಟು ಕಿಟಕಿ ಹತ್ತಿರ ಫೋನ್ ಎತ್ತಿ ಹಿಡಿದು ನಿಂತಿದ್ದರು. ಬಿಸಿಯೂಟದ ಲೆಕ್ಕ ಹೋಗ್ತಿಲ್ಲ ಅಂತ. ಟಿವಿ ಕೊಟ್ಟವರು ಇನ್ನೊಬ್ಬ ಮಾಸ್ತರನ್ನು ಯಾಕೆ ಕೊಡಲ್ಲ? ಟಿವಿಗೆ ಸಂಬಳ ಕೊಡಬೇಕಿಲ್ಲ, ಅದಕ್ಕಾ? ಐದನೇ ಕ್ಲಾಸಿನ ಹುಡುಗ ಬೋರ್ಡ್ ಮೇಲಿನ ಒಂದು ಸಾಲು ಓದಲು ಒದ್ದಾಡಿದ. ಅದರ ಫೋಟೋ ಯಾವ ಗ್ರೂಪಲ್ಲೂ ಬರಲಿಲ್ಲ.

ಎಂಟು ಗಂಟೆಯಾಯ್ತು. ಬಾಗಿಲು ಬಡೀತಿದೆ. ಫೋಟೋ ಹೊಡೀಬೇಕು.