ದುಡ್ಡು ಮಾಡಿದ್ಮೇಲೆ ನಿದ್ದೆ ಹೆಂಗೆ ಮಾಡೋದು

ದುಡ್ಡು ಮಾಡೋದು ಒಂದು ಕಷ್ಟ, ಮಾಡಿದ್ಮೇಲೆ ಮನಸ್ಸಿಗೆ ಸಮಾಧಾನ ಹೇಳೋದು ಅದಕ್ಕಿಂತ ಕಷ್ಟ. ಈ ಎರಡ್ನೇ ಕಷ್ಟಕ್ಕೆ ಯುರೋಪಿನ ಕ್ಯಾಥೊಲಿಕ್ಕರು ಒಂದು ದಾರಿ ಹುಡುಕಿದ್ರು, 16ನೇ ಶತಮಾನದಲ್ಲಿ ಅವರಿಂದ ಬೇರೆಯಾದ ಪ್ರೊಟೆಸ್ಟೆಂಟರು ಇನ್ನೊಂದು.

ಹಳೇ ಕಾಲದಲ್ಲಿ ಚರ್ಚ್ ಪ್ರಕಾರ ಬಡ್ಡಿ ಅಂದ್ರೆ ಪಾಪ. 1179ರಲ್ಲಿ ರೋಮ್‌ನಲ್ಲಿ ಸೇರಿದ ಸಭೆ, ರಾಜಾರೋಷವಾಗಿ ಬಡ್ಡಿ ತಿನ್ನೋರು ಸತ್ರೆ ಕ್ರಿಶ್ಚಿಯನ್ ಪದ್ಧತೀಲಿ ಮಣ್ಣು ಮಾಡೋ ಹಾಗಿಲ್ಲ ಅಂದ್ಬಿಡ್ತು. ಅಷ್ಟಕ್ಕೆ ಬಡ್ಡಿ ನಿಂತೋಯ್ತಾ, ಎಲ್ಲಿ! ಇಟಲಿಯ ಪಾದುವಾದ ಎನ್ರಿಕೊ ಸ್ಕ್ರೊವೆನ್ಯಿ ಅನ್ನೋ ಸಾಹುಕಾರನ ಅಪ್ಪ ಬಡ್ಡೀಲೇ ಹೆಸರು ಕೆಡಿಸ್ಕೊಂಡೋನು, ಮಗ ಒಂದು ಚಾಪೆಲ್, ಅಂದ್ರೆ ಸಣ್ಣ ಚರ್ಚು, ಕಟ್ಟಿಸಿ, 1305ರ ಸುಮಾರಿಗೆ ಜೊತ್ತೋ ಅನ್ನೋ ಚಿತ್ರಕಾರನ ಕೈಲಿ ಗೋಡೆ ತುಂಬಾ ಚಿತ್ರ ಬರೆಸ್ದ, ಅಪ್ಪನ ಪಾಪ ತೊಳೀಲಿ ಅಂತಾನೇ ಇದು ಅಂತಾರೆ. ಲೋಕದ ಕೊನೇಲಿ ದೇವ್ರು ಕೊಡೋ ತೀರ್ಪಿನ ಚಿತ್ರದಲ್ಲಿ ಸ್ವರ್ಗಕ್ಕೆ ಹೋಗೋರ ಸೈಡಲ್ಲಿ ತಾನೂ ಮಂಡಿಯೂರಿ, ಚಾಪೆಲ್ಲನ್ನೇ ಮೇರಿ ಮಾತೆಗೆ ಒಪ್ಪಿಸ್ತಿರೋ ಹಾಗೆ ಬರೆಸ್ಕೊಂಡಿದಾನೆ ಪುಣ್ಯಾತ್ಮ. ಸೀಟು ರಿಸರ್ವೇಶನ್ನೇ ಸರಿ.

ಇದಕ್ಕಿಂತ ಚಂದದ ಲೆಕ್ಕಾಚಾರ ಜರ್ಮನಿಯ ಆಗ್ಸ್‌ಬರ್ಗ್‌ನ ಯಾಕೊಬ್ ಫುಗ್ಗರ್‌ದು. ರಾಜರುಗಳಿಗೇ ಸಾಲ ಕೊಟ್ಟೋನು, ಬಡ ಕ್ಯಾಥೊಲಿಕ್ಕರಿಗೆ ಅಂತ 1521ರಲ್ಲಿ ಒಂದು ಕಾಲೋನಿ ಮಾಡ್ದ. ಇವತ್ತಿಗೂ ಅಲ್ಲಿ ವರ್ಷದ ಬಾಡಿಗೆ ಒಂದು ಯೂರೋಗೂ ಕಮ್ಮಿ, 88 ಸೆಂಟ್, ಆದ್ರೆ ಇರೋರು ದಿನಾ ಮೂರು ಪ್ರಾರ್ಥನೆ ಹೇಳ್ಬೇಕು, ಫುಗ್ಗರ್ ಮನೆತನದ ಆತ್ಮಗಳಿಗೆ ಒಳ್ಳೇದಾಗ್ಲಿ ಅಂತ. ಐನೂರು ವರ್ಷದಿಂದ ಬಡ್ಡಿ ಬರ್ತಾನೇ ಇದೆ ನೋಡಿ!

ಪ್ರೊಟೆಸ್ಟೆಂಟ್ ಗುರು ಕ್ಯಾಲ್ವಿನ್ ಕಡೆಯೋರಿಗೆ ಈ ಬಾಗ್ಲೇ ಬಂದ್. ಯಾರು ಉದ್ಧಾರ ಆಗ್ತಾರೆ ಅಂತ ದೇವ್ರು ಮೊದ್ಲೇ ತೀರ್ಮಾನ ಮಾಡಾಗಿದೆ, ದಾನ ಕೊಟ್ರೂ ಅದು ಬದಲಾಗಲ್ಲ. ಹಂಗಾದ್ರೆ ನಾನು ಲಿಸ್ಟಲ್ಲಿದೀನಾ ಇಲ್ವಾ? ಈ ಪುಕುಪುಕು ತಡೀಲಾರದೆ ಜನ ಕೆಲಸಕ್ಕೆ ಬಿದ್ರು, ಕಸುಬು ಕೈಹಿಡಿದ್ರೆ ದೇವ್ರ ಕೃಪೆ ಇದೆ ಅಂತ ಅಂದ್ಕೊಂಡ್ರು, ಮಜಾ ಮಾಡೋದು ತಪ್ಪು ಅಂತ ಖರ್ಚೂ ಮಾಡ್ಲಿಲ್ಲ, ಉಳಿದಿದ್ದು ವಾಪಸ್ ವ್ಯಾಪಾರಕ್ಕೇ ಹೋಯ್ತು, ಬಂಡವಾಳ ಬೆಳೀತು ಅಂತ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904-05ರಲ್ಲಿ ವಾದ ಮಾಡ್ದ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು, ಅಂದ್ರೆ ಕ್ಯಾಲ್ವಿನ್ ದಾರಿಯ ಕಟ್ಟಾ ಪ್ರೊಟೆಸ್ಟೆಂಟರಂತೂ, ಕ್ರಿಸ್‌ಮಸ್‌ಗೆ ಕೆಲಸ ಬಿಟ್ಟು ಹಬ್ಬ ಮಾಡಿದ್ರೆ ಐದು ಶಿಲ್ಲಿಂಗ್ ದಂಡ ಅಂತ 1659ರಲ್ಲಿ ಕಾನೂನೇ ಮಾಡಿದ್ರು. ಏಸು ಹುಟ್ಟಿದ ದಿನಕ್ಕೂ ರಜಾ ಇಲ್ಲ!

ವೇಬರ್ ಹೇಳಿದ್ದೆಲ್ಲಾ ನಾನು ಒಪ್ಪಲ್ಲ ಬಿಡಿ. ಮೆದಿಚಿ ಅನ್ನೋ ಕ್ಯಾಥೊಲಿಕ್ ಮನೆತನದೋರು ಇಟಲಿಯ ಫ್ಲಾರೆನ್ಸಲ್ಲಿ ಬ್ಯಾಂಕ್ ತೆಗೆದಿದ್ದು 1397ರಲ್ಲಿ, ಪ್ರೊಟೆಸ್ಟೆಂಟ್ ದಾರಿ ಶುರು ಮಾಡಿದ ಲೂಥರ್ ಆಗಿನ್ನೂ ಹುಟ್ಟೇ ಇರ್ಲಿಲ್ಲ. ಬೆಕರ್, ವೋಸ್‌ಮನ್ ಅನ್ನೋ ಅರ್ಥಶಾಸ್ತ್ರಜ್ಞರು 19ನೇ ಶತಮಾನದ ಪ್ರಷ್ಯಾ ಅನ್ನೋ ಜರ್ಮನ್ ರಾಜ್ಯದ ಅಂಕಿಅಂಶ ಕೆದಕಿ, ಪ್ರೊಟೆಸ್ಟೆಂಟ್ ಜಿಲ್ಲೆಗಳು ಮುಂದುವರಿದಿದ್ದು ಬೈಬಲ್ ಓದೋಕೆ ಅಂತ ಅಕ್ಷರ ಕಲಿತಿದ್ದರಿಂದ ಅಂತ 2009ರಲ್ಲಿ ಬರೆದ್ರು. ಇದು ನಂಬೋ ಹಾಗಿದೆ, ಅಕ್ಷರ ಬಂದೋನು ಬೈಬಲ್ ಒಂದನ್ನೇ ಓದ್ಕೊಂಡು ಕೂರ್ತಾನಾ, ಸಾಲದ ಪತ್ರದಲ್ಲಿ ಏನಿದೆ ಅಂತಾನೂ ಓದ್ತಾನೆ. ಆದ್ರೆ ಸುಮ್ನೆ ಕೂತ್ರೆ ಏನೋ ಕದ್ದೋರ ಥರ ಒಳಗೊಳಗೇ ಚಡಪಡಿಸೋದಿದ್ಯಲ್ಲ, ಅದು ಅಕ್ಷರದಿಂದ ಬಂದಿದ್ದಂತೂ ಅಲ್ಲ, ಅಲ್ಲಿ ವೇಬರ್ ಮಾತೇ ಸರಿ ಅನ್ಸುತ್ತೆ, ಮತ್ತೆ ಆ ಚಡಪಡಿಕೆ ಈಗ ಚರ್ಚಿಗೆ ಹೋಗೋರು ಹೋಗದೋರು ಅಂತ ನೋಡದೆ ಎಲ್ರಿಗೂ ಅಂಟ್ಕೊಂಡಿದೆ.